ಮೂಳೆ ಕೆಡಿಸಿದ ಸ್ಟೀರಾಯ್ಡೇ ಲ್ಯಾಬಿನಲ್ಲಿ ಮೂಳೆ ಕಟ್ಟಿಸುತ್ತಾ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕೋವಿಡ್ ಸಮಯದಲ್ಲಿ ನನ್ನ ತಮ್ಮನಿಗೆ ತುಂಬ ದಿನ ಸ್ಟೀರಾಯ್ಡ್ ಕೊಟ್ಟಿದ್ದರು. ಜೀವ ಉಳಿಯಿತು. ಆಮೇಲೆ ಸೊಂಟದ ನೋವು ಶುರುವಾಯಿತು. ಎಂಆರ್‌ಐ ಮಾಡಿಸಿದಾಗ ಬಲಗಡೆ ಎವಿಎನ್ (ರಕ್ತ ಸಿಗದೆ ಮೂಳೆ ಸಾಯುವ ರೋಗ), ಎರಡನೇ ಹಂತ ಎಂದು ಬಂತು. ಸ್ಟೀರಾಯ್ಡ್‌ನಿಂದ ಮೂಳೆ ಸತ್ತಿದೆ ಎಂದರು. ಈಗ ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಅವು ಮೂಳೆ ಕೋಶಗಳಾಗಿ ಬದಲಾಗುತ್ತವೆ ಎನ್ನುತ್ತಿದ್ದಾರೆ. ಇದರ ಬಗ್ಗೆ ಓದುತ್ತಾ ಹೋದರೆ ತಲೆ ಕೆಟ್ಟುಹೋಯಿತು. ಸ್ಟೆಮ್ ಸೆಲ್ ಮೂಳೆ ಕೋಶ ಆಗಲಿ ಎಂದು ಲ್ಯಾಬಿನಲ್ಲಿ ಹಾಕುವುದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಅಂತೆ. ತಮ್ಮನಿಗೆ ಕೊಟ್ಟಿದ್ದೂ ಅದೇ! ಇದು ಹೇಗೆ ಸಾಧ್ಯ? ಆ ಇಂಜೆಕ್ಷನ್ ಕೊಡಿಸಬಹುದಾ?

ಉತ್ತರ: ನೀವು ಓದಿದ್ದು ಸರಿಯಾಗಿದೆ ಮೇಷ್ಟ್ರೇ. ಎರಡೂ ಕಡೆ ಇರುವುದು ಅದೇ ಡೆಕ್ಸಾಮೆಥಾಸೋನ್. ಆಸ್ಪತ್ರೆಗೆ ಒಂದು, ಲ್ಯಾಬಿಗೆ ಇನ್ನೊಂದು ಎಂದು ಬೇರೆ ಬೇರೆ ಮಾಲು ಇಲ್ಲ. ಈ ಕೆಲಸ ಕಲಿಯಲು ಬರುವ ವಿದ್ಯಾರ್ಥಿಗಳು ಕೂಡ ಇದನ್ನೇ ಕೇಳುತ್ತಾರೆ. ಕೇಳದೆ ಸುಮ್ನೆ ಬರೆದುಕೊಂಡು ಹೋಗುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಲ್ಯಾಬಿನಲ್ಲಿ ಮೂಳೆ ಕೋಶಗಳ ಜೊತೆ ಕೆಲಸ ಮಾಡುವವನು, ಆಪರೇಷನ್ ಮಾಡುವ ಡಾಕ್ಟರ್ ಅಲ್ಲ. ತಮ್ಮನಿಗೆ ಏನು ಮಾಡಬೇಕು ಎನ್ನುವುದನ್ನು ಅವರನ್ನು ನೋಡುತ್ತಿರುವ ಮೂಳೆ ಡಾಕ್ಟರೇ ಹೇಳಬೇಕು. ಅವರ ಮುಂದೆ ಕೂತಾಗ ಏನೇನು ಕೇಳಬೇಕು ಎನ್ನುವಷ್ಟನ್ನು ನಾನು ಹೇಳಬಲ್ಲೆ.

ಮೊದಲು ಈ ಸ್ಟೆಮ್ ಸೆಲ್‌ಗಳು (ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಕೋಶಗಳು) ಎಲ್ಲಿಂದ ಬರುತ್ತವೆ ನೋಡೋಣ. ಸೊಂಟದಲ್ಲಿ, ಬೆಲ್ಟ್ ಕೂರುವ ಜಾಗದಲ್ಲಿ, ಕೈಗೆ ಸಿಗುವ ಮೂಳೆಯ ಅಂಚು ಇದೆಯಲ್ಲ, ಅಲ್ಲಿಗೆ ದಪ್ಪ ಸೂಜಿ ಹಾಕಿ ಮಜ್ಜೆ ತೆಗೆಯುತ್ತಾರೆ. ನೋಡಲು ರಕ್ತದಂತೆಯೇ ಇರುತ್ತದೆ. ಅದರಲ್ಲಿ ನಮಗೆ ಬೇಕಾದ ಕೋಶ ಹತ್ತು ಸಾವಿರಕ್ಕೆ ಒಂದು, ಕೆಲವರಲ್ಲಿ ಲಕ್ಷಕ್ಕೆ ಒಂದು. ಅಷ್ಟರಲ್ಲಿ ಹುಡುಕುವುದು ಹೇಗೆ? ಹುಡುಕುವ ಕಷ್ಟವೇ ಬೇಡ. ಪ್ಲಾಸ್ಟಿಕ್ ತಟ್ಟೆಯಲ್ಲಿ ಹಾಕಿ ಬಿಟ್ಟರೆ ಇವು ತಳಕ್ಕೆ ಅಂಟಿಕೊಳ್ಳುತ್ತವೆ. ರಕ್ತದ ಕೋಶಗಳು ಹೆಚ್ಚಿನವು ತೇಲುತ್ತಿರುತ್ತವೆ. ದ್ರವ ಬದಲಿಸಿದರೆ ತೇಲುವವು ಹೋದವು, ಅಂಟಿದವು ಉಳಿದವು. ಈ ಗುಣ ಹಿಡಿದುಕೊಂಡೇ ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960–70ರ ದಶಕಗಳಲ್ಲಿ ಇವನ್ನು ಬೇರೆ ಮಾಡಿದರು. ಹೀಗೆ ಬೆಳೆಸಿದ ಕೋಶಗಳನ್ನು ಮತ್ತೆ ಪ್ರಾಣಿಯ ದೇಹದೊಳಗೆ ಇಟ್ಟರೆ ಅಲ್ಲಿ ಮೂಳೆ ಬೆಳೆಯುತ್ತದೆ ಎಂದು ತೋರಿಸಿದವರೂ ಅವರೇ. 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಇವನ್ನು ಮೀಸೆಂಕೈಮಲ್ ಸ್ಟೆಮ್ ಸೆಲ್ ಎಂದು ಕರೆದರು. ನಾವು ಚಿಕ್ಕದಾಗಿ ಎಂಎಸ್‌ಸಿ ಅನ್ನುತ್ತೇವೆ. ಕ್ಯಾಪ್ಲನ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1999ರಲ್ಲಿ ಮಾರ್ಕ್ ಪಿಟೆಂಜರ್ ತಂಡ ಮನುಷ್ಯರ ಮಜ್ಜೆಯಿಂದ ಬೆಳೆಸಿದ ಇಂಥ ಕೋಶಗಳನ್ನೇ ಮೂಳೆಯಾಗಿ, ಕಾರ್ಟಿಲೇಜ್ (ಮೃದು ಎಲುಬು) ಆಗಿ, ಕೊಬ್ಬಾಗಿ ಬದಲಿಸಿ ತೋರಿಸಿತು. ಕೊಬ್ಬು ಎನ್ನುವುದನ್ನು ಗಮನಿಸಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಈಗ ತಟ್ಟೆಗೆ ಬರೋಣ. ಸೂಕ್ಷ್ಮದರ್ಶಕದಲ್ಲಿ ಎಂಎಸ್‌ಸಿಗಳು ಎರಡೂ ತುದಿ ಚೂಪಾಗಿ, ಉದ್ದುದ್ದಕ್ಕೆ ಕಾಣುತ್ತವೆ. ತಟ್ಟೆ ತುಂಬುತ್ತಾ ಬಂದಂತೆ ಸುಳಿ ಸುಳಿಯಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಆಗ ಅವುಗಳ ಆಹಾರದ ದ್ರವಕ್ಕೆ ಮೂರು ವಸ್ತು ಸೇರಿಸುತ್ತೇವೆ. ಡೆಕ್ಸಾಮೆಥಾಸೋನ್, ವಿಟಮಿನ್ ಸಿ, ಮತ್ತು ಬೀಟಾ-ಗ್ಲಿಸೆರೋಫಾಸ್ಫೇಟ್ ಎಂಬ ಒಂದು ಲವಣ. ಜಗತ್ತಿನ ಯಾವ ಮೂಳೆ ಲ್ಯಾಬಿಗೆ ಹೋದರೂ ಈ ಮೂರು ಸಿಗುತ್ತವೆ. ವಾರಕ್ಕೆ ಎರಡು ಸಲ ದ್ರವ ಬದಲಿಸುತ್ತಾ ಮೂರು-ನಾಲ್ಕು ವಾರ ಕಾಯಬೇಕು.

ಮೂರರಲ್ಲಿ ಸ್ಟೀರಾಯ್ಡ್ ಕೋಶಕ್ಕೆ ದಿಕ್ಕು ತೋರಿಸುತ್ತದೆ. ಅದು ಕೋಶದೊಳಗೆ ಹೋಗಿ, ರಿಸೆಪ್ಟರ್ ಎಂಬ ತನ್ನನ್ನು ಹಿಡಿಯುವ ಪ್ರೋಟೀನಿಗೆ ಕೂತು, ಡಿಎನ್ಎ ತನಕ ತಲುಪಿ, ಕೆಲವು ಜೀನ್‌ಗಳ ಕೆಲಸ ಏರಿಸುತ್ತದೆ, ಕೆಲವನ್ನು ಇಳಿಸುತ್ತದೆ. ನಮಗೆ ಬೇಕಾದ ಮುಖ್ಯ ಬದಲಾವಣೆ ರಂಕ್ಸ್-2 ಎಂಬ ಪ್ರೋಟೀನಿನ ಕೆಲಸ ಹೆಚ್ಚುವುದು. ಮೂಳೆ ಕಟ್ಟುವ ಕೋಶಕ್ಕೆ ಆಸ್ಟಿಯೋಬ್ಲಾಸ್ಟ್ ಎನ್ನುತ್ತಾರೆ. ಒಂದು ಕೋಶ ಆಸ್ಟಿಯೋಬ್ಲಾಸ್ಟ್ ಆಗಬೇಕೆಂದರೆ ರಂಕ್ಸ್-2 ಬೇಕೇ ಬೇಕು. 1997ರಲ್ಲಿ ಜಪಾನಿನ ತೋಷಿಹಿಸಾ ಕೊಮೊರಿ ತಂಡ ಈ ಜೀನ್ ತೆಗೆದ ಇಲಿಗಳನ್ನು ಹುಟ್ಟಿಸಿತು. ಅವುಗಳ ಅಸ್ಥಿಪಂಜರದ ಆಕಾರವೇನೋ ಇತ್ತು, ಆದರೆ ಅದು ಬರೀ ಕಾರ್ಟಿಲೇಜ್. ಮೂಳೆ ಇರಲಿಲ್ಲ. ಹುಟ್ಟಿದ ಕೂಡಲೇ ಸತ್ತವು.

ವಿಟಮಿನ್ ಸಿ ಬೇಕಿರುವುದು ಕೊಲಾಜೆನ್ ಎಂಬ ಪ್ರೋಟೀನ್ ನೂಲಿಗೆ. ಆಸ್ಟಿಯೋಬ್ಲಾಸ್ಟ್ ನೇರವಾಗಿ ಸುಣ್ಣ ಸುರಿಯುವುದಿಲ್ಲ. ಮೊದಲು ಕೊಲಾಜೆನ್ ಹೆಣೆಯುತ್ತದೆ, ಆಮೇಲೆ ಅದರ ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್ ಕೂರಿಸುತ್ತದೆ. ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದ ಹಾಗೆ. ವಿಟಮಿನ್ ಸಿ ಇಲ್ಲದಿದ್ದರೆ ಕೊಲಾಜೆನ್‌ನ ಮೂರು ಎಳೆಗಳು ಗಟ್ಟಿಯಾಗಿ ಹೆಣೆದುಕೊಳ್ಳುವುದಿಲ್ಲ. ಹಳೇ ಕಾಲದ ನಾವಿಕರಿಗೆ ಸ್ಕರ್ವಿ ಬಂದು ಒಸಡಿನಲ್ಲಿ ರಕ್ತ ಬರುತ್ತಿದ್ದದ್ದೂ ಇದೇ ಕಾರಣಕ್ಕೆ. ನಿಮ್ಮ ಮಕ್ಕಳಿಗೆ ಪಾಠ ಮಾಡುವಾಗ ಇವೆರಡನ್ನೂ ಜೋಡಿಸಿ ಹೇಳಬಹುದು. ಮೂರನೆಯ ಲವಣದ ಕೆಲಸ ಸರಳ. ಅದು ಫಾಸ್ಫೇಟ್ ಒದಗಿಸುತ್ತದೆ.

ಮೊದಲ ಎರಡು ವಾರದಲ್ಲಿ ಕೋಶಗಳ ಮೈಮೇಲೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಜಾಸ್ತಿಯಾಗುತ್ತದೆ. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಎಎಲ್‌ಪಿ ಎಂದು ಬರುತ್ತದಲ್ಲ, ಅದೇ. ಆಮೇಲೆ ಆಸ್ಟಿಯೋಕ್ಯಾಲ್ಸಿನ್ ಮುಂತಾದ ತಡವಾಗಿ ಬರುವ ಪ್ರೋಟೀನುಗಳು. ಮೂರನೇ ವಾರದ ಹೊತ್ತಿಗೆ ತಟ್ಟೆಯನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಅಲ್ಲಲ್ಲಿ ಮಸುಕು ಚುಕ್ಕೆ ಕಾಣುತ್ತವೆ. ಅದರ ಮೇಲೆ ಅಲಿಜರಿನ್ ರೆಡ್ ಎಂಬ ಬಣ್ಣ ಹಾಕಿ ತೊಳೆದರೆ ಕ್ಯಾಲ್ಸಿಯಂ ಇರುವಲ್ಲೆಲ್ಲ ಕೆಂಪು ಕಚ್ಚಿಕೊಳ್ಳುತ್ತದೆ. ಚೆನ್ನಾಗಿ ಬೆಳೆದ ತಟ್ಟೆ ಕುಂಕುಮ ಚೆಲ್ಲಿದಷ್ಟು ಕೆಂಪು. ಕ್ಲಿನಿಕ್‌ಗಳ ಕರಪತ್ರದಲ್ಲಿ ‘ಮೂಳೆಯಾದ ಸ್ಟೆಮ್ ಸೆಲ್’ ಎಂದು ಹಾಕುವ ಫೋಟೋ ಹೆಚ್ಚಾಗಿ ಇದೇ.

ಈ ಕೆಂಪನ್ನು ಪೂರ್ತಿ ನಂಬಬೇಡಿ. ನಮ್ಮ ಕ್ಷೇತ್ರದಲ್ಲಿ ಜನ ಎಡವುವ ಜಾಗ ಇದು. ಅಲಿಜರಿನ್ ಹಿಡಿಯುವುದು ಕ್ಯಾಲ್ಸಿಯಂ ಅನ್ನು, ಮೂಳೆಯನ್ನಲ್ಲ. ಗ್ಲಿಸೆರೋಫಾಸ್ಫೇಟ್ ಜಾಸ್ತಿ ಸುರಿದರೆ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಅದರಿಂದ ಫಾಸ್ಫೇಟನ್ನು ಕತ್ತರಿಸಿ ಬಿಡುತ್ತಲೇ ಇರುತ್ತದೆ. ಅದು ದ್ರವದಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ತಾನಾಗೇ ತಳಕ್ಕೆ ಇಳಿಯುತ್ತದೆ. ಕೋಶಗಳು ಸಾಯುತ್ತಿದ್ದರೂ ಅವುಗಳ ಸುತ್ತ ಕ್ಯಾಲ್ಸಿಯಂ ಕೂರುತ್ತದೆ. ತಟ್ಟೆ ಕೆಂಪಗೆ ಹೊಳೆಯುತ್ತದೆ, ಒಳಗೆ ಕೊಲಾಜೆನ್ ಕಂಬಿಯೇ ಇರುವುದಿಲ್ಲ. ಹಾಗಾಗಿ ಕೊಲಾಜೆನ್ ಇದೆಯಾ, ಆಸ್ಟಿಯೋಕ್ಯಾಲ್ಸಿನ್ ಬಂತಾ, ಖನಿಜ ಕೊಲಾಜೆನ್ ನೂಲಿನ ಮೇಲೇ ಕೂತಿದೆಯಾ ಎಂದು ನೋಡದೆ ಮೂಳೆ ಎನ್ನಬಾರದು. ನಿಜವಾದ ಪರೀಕ್ಷೆ ಎಂದರೆ ಫ್ರೀಡೆನ್‌ಸ್ಟೈನ್ ಮಾಡಿದ್ದೇ. ಪ್ರಾಣಿಯೊಳಗೆ ಇಟ್ಟು, ಅಲ್ಲಿ ರಕ್ತನಾಳ ಮತ್ತು ಮಜ್ಜೆ ಸಮೇತ ಮೂಳೆ ಬಂತಾ ಎಂದು ನೋಡುವುದು.

ಈಗ ನಿಮ್ಮ ಒಗಟು. ‘ಲ್ಯಾಬಿನಲ್ಲಿ ಹಾಕುವುದು ಚೂರೇ ಚೂರು, ಆಸ್ಪತ್ರೆಯಲ್ಲಿ ಕೊಡುವುದು ಜಾಸ್ತಿ, ಅದಕ್ಕೇ ಹೀಗೆ’ ಎಂದು ಹಲವರು ಹೇಳುತ್ತಾರೆ. ಕೇಳಲು ಸರಿ ಎನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ತಟ್ಟೆಯಲ್ಲಿ ಸಾಮಾನ್ಯವಾಗಿ ಬಳಸುವುದು 100 ನ್ಯಾನೋಮೋಲಾರ್, ಕೆಲವರು 10. ಡೆಕ್ಸಾಮೆಥಾಸೋನ್‌ನ ಅಣುತೂಕ ಸುಮಾರು 392. ಅಂದರೆ 100 ನ್ಯಾನೋಮೋಲಾರ್ ಎಂದರೆ ಲೀಟರಿಗೆ 39 ಮೈಕ್ರೋಗ್ರಾಂ. ಅರ್ಧ ಮಿಲಿಗ್ರಾಂನ ಒಂದು ಚಿಕ್ಕ ಮಾತ್ರೆಯಲ್ಲಿ ಇಂಥ 12 ಲೀಟರ್ ದ್ರವ ಮಾಡಬಹುದು. ನಿಜಕ್ಕೂ ಚೂರೇ. ಇನ್ನು ಕೋವಿಡ್‌ಗೆ ಬನ್ನಿ. 2020ರಲ್ಲಿ ಬ್ರಿಟನ್ನಿನಲ್ಲಿ ರೋಗಿಗಳ ಮೇಲೆ ನಡೆದ ರಿಕವರಿ ಎಂಬ ಟ್ರಯಲ್‌ನಲ್ಲಿ ಕೊಟ್ಟದ್ದು ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ನಿಮ್ಮ ತಮ್ಮನ ಜೀವ ಉಳಿದದ್ದರಲ್ಲಿ ಈ ಔಷಧದ ಪಾಲೂ ಇರಬಹುದು, ಅದನ್ನು ಮರೆಯಬಾರದು. ಒಬ್ಬ ಗಂಡಸಿನ ಮೈಯಲ್ಲಿ ಸುಮಾರು 40 ಲೀಟರ್ ನೀರು ಇರುತ್ತದೆ. 6 ಮಿಲಿಗ್ರಾಂ ಅಷ್ಟರಲ್ಲಿ ಹರಡಿದರೆ ಲೀಟರಿಗೆ 150 ಮೈಕ್ರೋಗ್ರಾಂ. ಕೆಲವು ಗಂಟೆಗಳಲ್ಲಿ ಅದೂ ಇಳಿಯುತ್ತದೆ. ಒರಟು ಲೆಕ್ಕ ಇದು. ಆದರೂ 39, 150 ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹತ್ತಿರ ಹತ್ತಿರವೇ ಅಲ್ವಾ? ತಟ್ಟೆಗೂ ಮೈಗೂ ಇರುವ ವ್ಯತ್ಯಾಸವನ್ನು ಬರೀ ಪ್ರಮಾಣದಿಂದ ವಿವರಿಸಲು ಆಗುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಜೊತೆಯಲ್ಲಿ ಯಾರಿದ್ದಾರೆ ಎನ್ನುವುದರಲ್ಲಿ.

ಅದೇ ಎಂಎಸ್‌ಸಿ ತಟ್ಟೆಗೆ ಡೆಕ್ಸಾಮೆಥಾಸೋನ್ ಹಾಕಿ, ಆದರೆ ವಿಟಮಿನ್ ಸಿ ಮತ್ತು ಫಾಸ್ಫೇಟ್ ಬದಲು ಇನ್ಸುಲಿನ್, ಇಂಡೋಮೆಥಾಸಿನ್, ಐಬಿಎಂಎಕ್ಸ್ ಎಂಬ ರಾಸಾಯನಿಕ ಹಾಕಿ ನೋಡಿ. ಸ್ಟೀರಾಯ್ಡ್ ಸಾಮಾನ್ಯವಾಗಿ ಹತ್ತು ಪಟ್ಟು ಜಾಸ್ತಿ ಇರುತ್ತದೆ. ಎರಡು-ಮೂರು ವಾರದಲ್ಲಿ ಕೋಶಗಳು ದುಂಡಗಾಗಿ, ಒಳಗೆ ಎಣ್ಣೆಯ ಹನಿಗಳು ಮಿನುಗುತ್ತವೆ. ಮೂಳೆ ಆಗಬೇಕಿದ್ದವು ಕೊಬ್ಬಿನ ಕೋಶ ಆದವು! ಕೋಶದೊಳಗೆ ರಂಕ್ಸ್-2 ಮೂಳೆಯ ಕಡೆ ಎಳೆಯುತ್ತದೆ, ಪಿಪಿಎಆರ್-ಗಾಮಾ ಎಂಬ ಇನ್ನೊಂದು ಪ್ರೋಟೀನ್ ಕೊಬ್ಬಿನ ಕಡೆ ಎಳೆಯುತ್ತದೆ. ಒಂದು ಮೇಲುಗೈ ಆದರೆ ಇನ್ನೊಂದನ್ನು ಹತ್ತಿಕ್ಕುತ್ತದೆ. ಡೆಕ್ಸಾಮೆಥಾಸೋನ್ ಕೋಶವನ್ನು ‘ಹೀಗೇ ಇರಬೇಡ, ಏನಾದರೂ ಆಗು’ ಎಂದು ತಳ್ಳುತ್ತದೆ. ಏನಾಗಬೇಕು ಎನ್ನುವುದು ಉಳಿದ ಸೂಚನೆಗಳಿಂದ ತೀರ್ಮಾನ ಆಗುತ್ತದೆ.

ದೇಹದಲ್ಲಿ ಆ ಉಳಿದ ಸೂಚನೆಗಳು ಯಾರ ಕೈಯಲ್ಲೂ ಇಲ್ಲ. ಸ್ಟೀರಾಯ್ಡ್ ತುಂಬ ದಿನ ನಡೆದರೆ ಮಜ್ಜೆಯಲ್ಲಿ ಕೊಬ್ಬಿನ ಕೋಶ ಜಾಸ್ತಿಯಾಗುತ್ತವೆ. ಅದರ ಮೇಲೆ, ತಟ್ಟೆಯಲ್ಲಿ ಇಲ್ಲದವರು ಮೂಳೆಯಲ್ಲಿ ಇದ್ದಾರೆ. ಮೂಳೆ ತಿನ್ನುವ ಆಸ್ಟಿಯೋಕ್ಲಾಸ್ಟ್‌ಗಳು ಇವೆ, ಸ್ಟೀರಾಯ್ಡ್ ಅವುಗಳ ಆಯಸ್ಸು ಹೆಚ್ಚಿಸುತ್ತದೆ. ಮೂಳೆಯೊಳಗೆ ಹುದುಗಿಕೊಂಡಿರುವ ಆಸ್ಟಿಯೋಸೈಟ್‌ಗಳು ಇವೆ. ವಯಸ್ಕರ ಮೂಳೆಯ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಇವೇ. 1998ರಲ್ಲಿ ಅಮೆರಿಕದ ರಾಬರ್ಟ್ ವೈನ್‌ಸ್ಟೈನ್ ತಂಡ ಇಲಿಗಳಿಗೆ ಸ್ಟೀರಾಯ್ಡ್ ಕೊಟ್ಟು ನೋಡಿದಾಗ ಆಸ್ಟಿಯೋಬ್ಲಾಸ್ಟ್‌ಗಳೂ ಆಸ್ಟಿಯೋಸೈಟ್‌ಗಳೂ ಸಾಯುವುದು ಹೆಚ್ಚಾಗಿತ್ತು. ಮೂಳೆ ಕಟ್ಟುವ ಕೋಶ ಹುಟ್ಟುವುದೂ ಕಡಿಮೆ, ಹುಟ್ಟಿದ್ದು ಬದುಕುವುದೂ ಕಡಿಮೆ.

ಎಲ್ಲಕ್ಕಿಂತ ಮುಖ್ಯವಾದದ್ದು ರಕ್ತ. ತೊಡೆಮೂಳೆಯ ತುದಿಯ ಗುಂಡು, ಡಾಕ್ಟರುಗಳು ಬಾಲ್ ಎನ್ನುವ ಭಾಗ, ಕೆಲವೇ ಸಣ್ಣ ನಾಳಗಳನ್ನು ನಂಬಿಕೊಂಡು ಬದುಕಿದೆ. ಅದು ಸುತ್ತಲೂ ಗಟ್ಟಿ ಮೂಳೆಯಿಂದ ಮುಚ್ಚಿದ ಜಾಗ. ಒಳಗೆ ಕೊಬ್ಬಿನ ಕೋಶಗಳು ಉಬ್ಬಿದರೆ ಹಿಗ್ಗಲು ಎಡೆಯಿಲ್ಲ, ಒತ್ತಡ ಏರುತ್ತದೆ, ನಾಳಗಳು ಅಮುಕಿಕೊಳ್ಳುತ್ತವೆ. ಕೊಬ್ಬಿನ ಸಣ್ಣ ಹನಿಗಳೋ ಹೆಪ್ಪುಗಟ್ಟಿದ ರಕ್ತವೋ ನಾಳ ಕಟ್ಟುವುದೂ ಉಂಟು. ರಕ್ತ ನಿಂತರೆ ಆ ಭಾಗ ಸಾಯುತ್ತದೆ. ಎವಿಎನ್ ಎಂದರೆ ಇದೇ. ಅಲ್ಲಿ ಕೊರತೆ ಇರುವುದು ಬರೀ ಮೂಳೆ ಕೋಶದ್ದಲ್ಲ.

ಈ ‘ಜೊತೆ’ಯ ಮಾತನ್ನು ಇನ್ನೂ ಚೆನ್ನಾಗಿ ತೋರಿಸುವ ಕತೆ ಬಿಎಂಪಿಯದು. ನನಗೆ ಇಷ್ಟವಾದದ್ದು, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. 1965ರಲ್ಲಿ ಲಾಸ್ ಏಂಜಲೀಸ್‌ನ ಮೂಳೆ ಡಾಕ್ಟರ್ ಮಾರ್ಷಲ್ ಯೂರಿಸ್ಟ್ ಒಂದು ವಿಚಿತ್ರ ಸಂಗತಿ ಬರೆದರು. ಮೂಳೆಯನ್ನು ಆಮ್ಲದಲ್ಲಿ ನೆನೆಸಿ ಕ್ಯಾಲ್ಸಿಯಂ ಎಲ್ಲ ತೆಗೆದು, ಉಳಿದ ಮೆತ್ತನೆ ತುಂಡನ್ನು ಪ್ರಾಣಿಯ ಮಾಂಸಖಂಡದೊಳಗೆ ಇಟ್ಟರು. ಮಾಂಸದ ಮಧ್ಯೆ ಹೊಸ ಮೂಳೆ ಬೆಳೆಯಿತು! ಆ ತುಂಡಿನಲ್ಲಿ ಬದುಕಿರುವ ಕೋಶ ಒಂದೂ ಇರಲಿಲ್ಲ. ಅಂದರೆ ಅದರಲ್ಲಿದ್ದ ಏನೋ ಒಂದು, ಅಲ್ಲಿನ ಕೋಶಗಳನ್ನೇ ಕರೆದು ಮೂಳೆ ಮಾಡಿಸಿತು. ಆ ‘ಏನೋ ಒಂದ’ಕ್ಕೆ ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್ ಎಂದು ಹೆಸರಾಯಿತು, ಚಿಕ್ಕದಾಗಿ ಬಿಎಂಪಿ. ಇದನ್ನು ಹಿಡಿಯುವ ಕೆಲಸದಲ್ಲಿ ಇಬ್ಬರು ಭಾರತೀಯರ ಪಾಲು ದೊಡ್ಡದು, ಹರಿ ರೆಡ್ಡಿ ಮತ್ತು ಕುಬೇರ್ ಸಂಪತ್. ಮೂಳೆಪುಡಿಯಿಂದ ಕರಗುವ ಪ್ರೋಟೀನುಗಳನ್ನು ತೆಗೆದುಬಿಟ್ಟರೆ ಉಳಿದ ಕೊಲಾಜೆನ್‌ಗೆ ಮೂಳೆ ಬೆಳೆಸುವ ಶಕ್ತಿ ಇರುವುದಿಲ್ಲ. ತೆಗೆದ ಪ್ರೋಟೀನನ್ನು ಅದೇ ಕೊಲಾಜೆನ್‌ಗೆ ವಾಪಸ್ ಸೇರಿಸಿದರೆ ಶಕ್ತಿ ಮರಳುತ್ತದೆ. ಇದನ್ನು ಅವರು 1981ರಲ್ಲಿ ತೋರಿಸಿದರು. ಸೂಚನೆ ಒಂದು ಕಡೆ, ಕೂರಲು ಜಾಗ ಇನ್ನೊಂದು ಕಡೆ, ಎರಡೂ ಸೇರಿದರೆ ಮಾತ್ರ ಮೂಳೆ. ಇಷ್ಟು ಸ್ವಚ್ಛವಾದ ಪ್ರಯೋಗ ಅಪರೂಪ.

1988ರಲ್ಲಿ ಬಿಎಂಪಿಗಳ ಜೀನ್ ಸಿಕ್ಕಿತು. 2002ರಲ್ಲಿ ಬೆನ್ನುಮೂಳೆ ಬೆಸೆಯುವ ಆಪರೇಷನ್‌ಗೆ ಬಿಎಂಪಿ-2 ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಕೊಲಾಜೆನ್ ಸ್ಪಂಜಿನಲ್ಲಿ ಅದ್ದಿ ಇಡುವುದು. ಮೂಳೆಯೇನೋ ಬೆಳೆಯುತ್ತಿತ್ತು. ಆದರೆ ಮೈಯಲ್ಲಿ ಇದು ಇರುವುದು ಲೆಕ್ಕಕ್ಕೂ ಸಿಗದಷ್ಟು ಕಡಿಮೆ, ಸ್ಪಂಜಿನಲ್ಲಿ ಇಟ್ಟದ್ದು ಮಿಲಿಗ್ರಾಂ ಲೆಕ್ಕದಲ್ಲಿ. ಸ್ಪಂಜಿನಿಂದ ಸೋರಿ ಆಚೀಚೆ ಹೋದರೆ ಬೇಡದ ಜಾಗದಲ್ಲೂ ಮೂಳೆ. ಒಪ್ಪಿಗೆ ಇಲ್ಲದಿದ್ದರೂ ಕತ್ತಿನ ಆಪರೇಷನ್‌ಗಳಲ್ಲಿ ಬಳಸಿದರು. ಕೆಲವರಿಗೆ ಗಂಟಲು ಊದಿ ಉಸಿರಿಗೇ ತೊಂದರೆಯಾಯಿತು, 2008ರಲ್ಲಿ ಎಫ್‌ಡಿಎ ಎಚ್ಚರಿಕೆ ಕೊಡಬೇಕಾಯಿತು. ಕೋಶಕ್ಕೆ ‘ಮೂಳೆ ಆಗು’ ಎಂದು ಹೇಳುವ ಅತ್ಯಂತ ಗಟ್ಟಿ ಸೂಚನೆ ನಮ್ಮ ಕೈಯಲ್ಲಿ ಇದೆ. ಎಲ್ಲಿ, ಎಷ್ಟು, ಯಾವಾಗ ನಿಲ್ಲಿಸಬೇಕು ಎನ್ನುವುದೇ ಇನ್ನೂ ಪೂರ್ತಿ ಕೈಗೆ ಬಂದಿಲ್ಲ.

ಔಷಧವೇ ಬೇಡದ ದಾರಿಗಳೂ ಇವೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. 2006ರಲ್ಲಿ ಆಡಮ್ ಎಂಗ್ಲರ್, ಡೆನ್ನಿಸ್ ಡಿಷರ್ ಮತ್ತು ಜೊತೆಗಾರರು ಒಂದೇ ಎಂಎಸ್‌ಸಿಗಳನ್ನು ಬೇರೆ ಬೇರೆ ಗಡಸಿನ ಜೆಲ್ ಮೇಲೆ ಬೆಳೆಸಿದರು. ಮಿದುಳಿನಷ್ಟು ಮೆತ್ತಗಿನ ಜೆಲ್ ಮೇಲೆ ಅವು ನರಕೋಶದ ಲಕ್ಷಣ ತೋರಿಸಿದವು, ಸ್ನಾಯುವಿನಷ್ಟು ಗಡಸಿದ್ದಲ್ಲಿ ಸ್ನಾಯುವಿನದು, 25ರಿಂದ 40 ಕಿಲೋಪಾಸ್ಕಲ್ ಗಡಸಿದ್ದಲ್ಲಿ ಮೂಳೆಯದು. ಕೋಶ ತನ್ನ ಕಾಲಡಿಯ ನೆಲವನ್ನು ಎಳೆದು ನೋಡಿ ತೀರ್ಮಾನ ಮಾಡುತ್ತದೆ! ಗ್ಲಾಸ್ಗೋದ ತಂಡವೊಂದು ಸೆಕೆಂಡಿಗೆ 1000 ಸಲ, ನೂರಕ್ಕೂ ಕಡಿಮೆ ನ್ಯಾನೋಮೀಟರಿನಷ್ಟು ತಟ್ಟೆಯನ್ನು ಅಲುಗಿಸಿ ಎಂಎಸ್‌ಸಿಗಳನ್ನು ಮೂಳೆಯ ಕಡೆ ತಿರುಗಿಸಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಮೂಳೆ ಕೋಶ ಕೂರಲು ಬೇಕಾದ ಜಾಗವನ್ನೇ, ಅಂದರೆ ಪಾಲಿಮರ್ ಮತ್ತು ಲೋಹದ ಆಧಾರಗಳನ್ನು, ತಯಾರಿಸುವ ಕೆಲಸ ನಡೆಯುತ್ತಿದೆ. ನನಗೆ ಹೆಚ್ಚು ಭರವಸೆ ಇರುವುದು ಈ ದಾರಿಯ ಮೇಲೆ.

ಈಗ ಇಂಜೆಕ್ಷನ್ ವಿಷಯ. ‘ಹಾಕಿದ ಕೋಶಗಳು ಮೂಳೆ ಕೋಶಗಳಾಗಿ ಬದಲಾಗುತ್ತವೆ’ ಎನ್ನುವ ಮಾತು ಅಷ್ಟು ನೇರವಾಗಿ ನಿಲ್ಲುವುದಿಲ್ಲ. ತಟ್ಟೆಯಲ್ಲಿ ನಾವು ಮೂರು ವಸ್ತು ಕೊಟ್ಟು, ಕೆಲವು ವಾರ ಕಾದು, ಮಾಡಿಸಿದ್ದು ಅದು. ಸೂಜಿಯಲ್ಲಿ ಹಾಕಿದ ಕೋಶಕ್ಕೆ ಆ ಮೂರೂ ಇಲ್ಲ. ಕೋಶ ಬದುಕಬೇಕಾದರೆ ರಕ್ತನಾಳ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ಹತ್ತಿರ ಇರಬೇಕು. ಸತ್ತ ಮೂಳೆಯಲ್ಲಿ ಅದೇ ಇಲ್ಲ. ಹಾಕಿದ ಕೋಶಗಳಲ್ಲಿ ಬಹಳಷ್ಟು ಕೆಲವೇ ದಿನಗಳಲ್ಲಿ ಸಾಯುತ್ತವೆ ಅಥವಾ ಹರಿದುಹೋಗುತ್ತವೆ. ಬದುಕಿದಷ್ಟು ದಿನ ಅವು ಬಿಡುವ ಪ್ರೋಟೀನುಗಳು ಊತ ಇಳಿಸುತ್ತವೆ, ಹೊಸ ನಾಳ ಬೆಳೆಯಲು ನೆರವಾಗುತ್ತವೆ. ಎಷ್ಟೋ ಚಿಕಿತ್ಸೆಯಲ್ಲಿ ಕಾಣುವ ಲಾಭ ಇದರಿಂದಲೇ. ಎಂಎಸ್‌ಸಿ ಹೆಸರು ಕೊಟ್ಟ ಕ್ಯಾಪ್ಲನ್ ಅವರೇ 2017ರಲ್ಲಿ ‘ಸ್ಟೆಮ್ ಸೆಲ್ ಎನ್ನುವ ಹೆಸರು ಬದಲಿಸಿ, ಇದರಿಂದ ರೋಗಿಗಳಿಗೆ ತಪ್ಪು ಕಲ್ಪನೆ ಬರುತ್ತಿದೆ’ ಎಂಬ ಅರ್ಥದಲ್ಲಿ ಬರೆದರು. ಹೆಸರು ಬದಲಾಗಲಿಲ್ಲ. ವ್ಯಾಪಾರಕ್ಕೆ ಆ ಹೆಸರು ಬಹಳ ಚೆನ್ನಾಗಿದೆ.

ಹಾಗೆಂದು ಎಲ್ಲವೂ ಮೋಸ ಎಂದು ತಿಳಿಯಬೇಡಿ. ಎರಡನೇ ಹಂತದಲ್ಲಿ, ಅಂದರೆ ಗುಂಡು ಇನ್ನೂ ಕುಸಿಯದಿರುವಾಗ, ಮೂಳೆ ಡಾಕ್ಟರುಗಳು ಕೋರ್ ಡಿಕಂಪ್ರೆಷನ್ ಎಂಬ ಆಪರೇಷನ್ ಮಾಡುತ್ತಾರೆ. ಗುಂಡಿನೊಳಗೆ ರಂಧ್ರ ಕೊರೆದು ಒತ್ತಡ ಇಳಿಸುವುದು. ಅದೇ ರಂಧ್ರದಲ್ಲಿ ರೋಗಿಯದೇ ಮಜ್ಜೆಯನ್ನು ಸಾಂದ್ರ ಮಾಡಿ ತುಂಬುವ ಪದ್ಧತಿಯನ್ನು ಫ್ರಾನ್ಸಿನ ಫಿಲಿಪ್ ಎರ್ನಿಗೂ ಬೆಳೆಸಿದರು. 2002ರಲ್ಲಿ ಅವರು ಪ್ರಕಟಿಸಿದ 189 ಸೊಂಟಗಳ ಲೆಕ್ಕ ನೋಡಿ. ಗುಂಡು ಕುಸಿಯುವ ಮೊದಲೇ ಮಾಡಿದ 145ರಲ್ಲಿ, 5ರಿಂದ 10 ವರ್ಷದ ಅವಧಿಯಲ್ಲಿ, ಕೀಲು ಬದಲಿಸಬೇಕಾಗಿ ಬಂದದ್ದು 9ರಲ್ಲಿ. ಕುಸಿದ ಮೇಲೆ ಮಾಡಿದ 44ರಲ್ಲಿ 25ಕ್ಕೆ ಕೀಲು ಬದಲಾಯಿಸಬೇಕಾಯಿತು. ಹೋಲಿಸಿ ನೋಡಲು ಬೇರೆ ಗುಂಪು ಇಲ್ಲದ ವರದಿ ಇದು, ಹಾಗಾಗಿ ಅಷ್ಟೂ ಲಾಭ ಕೋಶಗಳದ್ದೇ ಎನ್ನಲಾಗದು. ಆದರೆ ಕುಸಿಯುವ ಮೊದಲು ಮತ್ತು ನಂತರ ಎನ್ನುವ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ (ಟಿಬಿಯಾ) ಮುರಿದು ಕೂಡದೆ ಉಳಿದವರ ಮೇಲೆ ಅವರೇ 2005ರಲ್ಲಿ ಪ್ರಕಟಿಸಿದ ಇನ್ನೊಂದು ವರದಿಯಲ್ಲಿ 60 ಜನರಲ್ಲಿ 53 ಮಂದಿಗೆ ಮೂಳೆ ಕೂಡಿತು. ಕೂಡದ 7 ಜನರ ಮಜ್ಜೆಯಲ್ಲಿ ಬೇಕಾದ ಕೋಶಗಳ ಸಂಖ್ಯೆಯೇ ತುಂಬ ಕಡಿಮೆ ಇತ್ತು. ಸ್ಟೀರಾಯ್ಡ್ ತೆಗೆದುಕೊಂಡವರ ಮಜ್ಜೆಯಲ್ಲೂ ಇವು ಕಡಿಮೆ ಇರುವುದುಂಟು. ಆದ್ದರಿಂದ ‘ಎಷ್ಟು ಕೋಶ ಹಾಕುತ್ತೀರಿ, ಎಣಿಸುತ್ತೀರಾ’ ಎಂಬ ಪ್ರಶ್ನೆ ನಿಮ್ಮ ತಮ್ಮನ ವಿಷಯದಲ್ಲಿ ತುಂಬ ಮುಖ್ಯ.

ಇದರ ಮುಂದಿನ ಹೆಜ್ಜೆಯೂ ಇದೆ. ರೋಗಿಯ ಮಜ್ಜೆ ತೆಗೆದು, ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿ, ಆಸ್ಟಿಯೋಬ್ಲಾಸ್ಟ್ ಕಡೆ ತಿರುಗಿಸಿದ ಮೇಲೆ ವಾಪಸ್ ಹಾಕುವುದು. ಇಂಥ ಉತ್ಪನ್ನಕ್ಕೆ ನಮ್ಮ ದೇಶದಲ್ಲಿ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದ್ದೂ ಇದೆ. ಮೊಣಕಾಲು ಸವೆತಕ್ಕೆ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಎಂಎಸ್‌ಸಿ ಇಂಜೆಕ್ಷನ್‌ಗೂ ಒಪ್ಪಿಗೆ ಇದೆ, ಆದರೆ ಅದು ಎವಿಎನ್‌ಗೆ ಅಲ್ಲ. ಕೆಲವು ಕಡೆ ಎರಡನ್ನೂ ಕಲಸಿ ಮಾತಾಡುತ್ತಾರೆ, ಹುಷಾರು.

ಕ್ಲಿನಿಕ್‌ನವರನ್ನು ಕೇಳಬೇಕಾದದ್ದು ಇಷ್ಟು. ಕೋಶ ಯಾರದು, ತಮ್ಮನದೇ ಅಥವಾ ಬೇರೆಯವರದೇ? ಆಪರೇಷನ್ ಥಿಯೇಟರಿನಲ್ಲೇ ಸಾಂದ್ರ ಮಾಡುತ್ತಾರಾ, ಲ್ಯಾಬಿನಲ್ಲಿ ಬೆಳೆಸುತ್ತಾರಾ? ಬೆಳೆಸುವುದಾದರೆ ಅದು ಹೊಸ ಔಷಧದ ಲೆಕ್ಕಕ್ಕೆ ಬರುತ್ತದೆ, ಕೇಂದ್ರದ ಒಪ್ಪಿಗೆ ಪತ್ರ ಬೇಕು. ಗುಂಡಿನೊಳಗೇ ಹಾಕುತ್ತಾರಾ ಅಥವಾ ಕೈಯ ನಾಳಕ್ಕೆ ಡ್ರಿಪ್‌ನಲ್ಲಿ ಬಿಡುತ್ತಾರಾ? ಡ್ರಿಪ್ ಎಂದರೆ ಅಲ್ಲೇ ಎದ್ದು ಬನ್ನಿ. ನಾಳದಲ್ಲಿ ಬಿಟ್ಟ ಕೋಶಗಳಲ್ಲಿ ಹೆಚ್ಚಿನವು ಮೊದಲು ಶ್ವಾಸಕೋಶದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಸೊಂಟ ತಲುಪುವ ಮಾತು ದೂರ. ‘ಇದು ಪ್ರಯೋಗ’ ಎಂದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ) ನೋಂದಣಿ ಸಂಖ್ಯೆ ಕೇಳಿ. ಅದು ಸರ್ಕಾರಿ ಜಾಲತಾಣ, ಯಾರು ಬೇಕಾದರೂ ನೋಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಒಪ್ಪಿಗೆ ಸಿಗದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಟ್ರಯಲ್ ಆಚೆ ಕೊಡುವಂತಿಲ್ಲ, ಟ್ರಯಲ್ ಎಂದರೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಪ್ರಯೋಗ ಎಂದೂ ಹೇಳಿ, ಲಕ್ಷಗಟ್ಟಲೆ ಬಿಲ್ಲೂ ಕೊಟ್ಟರೆ ಎರಡರಲ್ಲಿ ಒಂದು ಸುಳ್ಳು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ದೊಡ್ಡ ಆಸ್ಪತ್ರೆಯಲ್ಲಿ ಸೊಂಟದ ಕೆಲಸವನ್ನೇ ಜಾಸ್ತಿ ಮಾಡುವ ಮೂಳೆ ಡಾಕ್ಟರಿಗೆ ಎಂಆರ್‌ಐ ತೋರಿಸಿ. ಬರೀ ರಿಪೋರ್ಟ್ ಹಾಳೆ ಸಾಲದು, ಸಿಡಿ ಒಯ್ಯಿರಿ. ಗುಂಡು ಕುಸಿದಿದೆಯಾ, ಸತ್ತ ಭಾಗ ಎಷ್ಟು ದೊಡ್ಡದು, ಭಾರ ಬೀಳುವ ಜಾಗದಲ್ಲೇ ಇದೆಯಾ, ಎಡಗಡೆಯೂ ಶುರುವಾಗಿದೆಯಾ ಎಂದು ಕೇಳಿ. ಸ್ಟೀರಾಯ್ಡ್‌ನಿಂದ ಬಂದ ಎವಿಎನ್ ಎರಡೂ ಕಡೆ ಬರುವುದು ಸಾಮಾನ್ಯ. ಕುಸಿಯದಿದ್ದರೆ ಡಿಕಂಪ್ರೆಷನ್ ಬಗ್ಗೆ, ಅದರ ಜೊತೆ ಮಜ್ಜೆ ಸಾಂದ್ರದ ಬಗ್ಗೆ ಈಗಲೇ ಮಾತಾಡಿ. ಆರು ತಿಂಗಳು ಬೇರೆ ಬೇರೆ ಇಂಜೆಕ್ಷನ್ ಮಾಡಿಸಿ ನೋಡೋಣ ಎಂದು ಕೂತರೆ ಅಷ್ಟರಲ್ಲಿ ಗುಂಡು ಕುಸಿದುಬಿಡಬಹುದು. ತಮ್ಮ ಈಗಲೂ ಆಸ್ತಮಾಗೋ ಇನ್ನಾವುದಕ್ಕೋ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ತಟ್ಟನೆ ನಿಲ್ಲಿಸುವುದು ಬೇಡ. ದೇಹ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ, ಅವರು ಹೇಳಿದ ಹಾಗೆ ಹಂತ ಹಂತವಾಗಿ ಇಳಿಸಲಿ.